ಸವೆದ ಸೈಕಲ್ಲು, ಸವೆಯದ ಸಂತೋಷ

ವಸ್ತುವೊಂದು ಹಳತಾದಂತೆ ಅದರಿಂದ ದೊರೆಯುವ ಸಂತೋಷವೂ ಕುಂದಲೇಬೇಕೆ? ಕುಂದುವುದಾದರೆ ಆ ಕುಂದು ವಸ್ತುವಿನದೋ, ಅದನ್ನು ಬಳಸುವ ಮನಸ್ಸಿನದೋ? ಮೇಲುನೋಟಕ್ಕೆ ಈ ಪ್ರಶ್ನೆ ಚಿಕ್ಕದಾಗಿ ಕಾಣುತ್ತದೆ. ಆದರೆ ಗೃಹಸ್ಥನಾದವನು ಇದನ್ನು ವರ್ಷಕ್ಕೆ ಹತ್ತು ಸಲವಾದರೂ ಎದುರಿಸುತ್ತಾನೆ. ಕೆಲಸ ಮಾಡುತ್ತಿರುವ ಮಿಕ್ಸರನ್ನು, ಮಾತು ಕೇಳಿಸುತ್ತಿರುವ ಮೊಬೈಲನ್ನು, ಓಡುತ್ತಿರುವ ಕಾರನ್ನು ಬದಲಿಸೋಣವೆಂಬ ಮಾತು ಮನೆಯಲ್ಲಿ ಎದ್ದಾಗಲೆಲ್ಲ ಕೇಳಬೇಕಾದ ಪ್ರಶ್ನೆ ಇದೇ. ಬೆಲೆ ಎಷ್ಟು, ಕಂತು ಎಷ್ಟು ಎಂದು ನಾವು ವಿಚಾರಿಸುತ್ತೇವೆ. ಈ ಪ್ರಶ್ನೆಯನ್ನು ಮಾತ್ರ ಸಾಮಾನ್ಯವಾಗಿ ಕೇಳುವುದಿಲ್ಲ.

ಇದನ್ನು ಕೇವಲ ತತ್ತ್ವದ ಮಟ್ಟದಲ್ಲಿ ಚರ್ಚಿಸುವುದಕ್ಕಿಂತ ಒಂದು ನಿದರ್ಶನವನ್ನು ಹಿಡಿದು ವಿಚಾರ ಮಾಡುವುದು ಲೇಸು. ಇಂದಿನ ತರುಣರು ಬಹಳವಾಗಿ ಮೆಚ್ಚಿರುವ ಮೌಂಟೇನ್ ಬೈಕನ್ನು, ಅಂದರೆ ಗುಡ್ಡದ ಸೈಕಲ್ಲನ್ನು ತೆಗೆದುಕೊಳ್ಳೋಣ. ಬೈಕ್ ಎಂದೊಡನೆ ನಮ್ಮವರಿಗೆ ಮೋಟಾರು ಸೈಕಲ್ಲು ನೆನಪಾಗುವುದುಂಟು; ಇದು ಕಾಲಿನಿಂದ ತುಳಿಯುವ ಸೈಕಲ್ಲೇ. ದಪ್ಪನೆಯ ಟೈರು, ನೇರವಾದ ಹ್ಯಾಂಡಲ್, ಏರಿಗೊಂದು ಇಳಿಜಾರಿಗೊಂದು ಗೇರು, ಕಲ್ಲುಮಣ್ಣಿನ ದಾರಿಯನ್ನು ತಾಳಿಕೊಳ್ಳಬಲ್ಲ ಗಟ್ಟಿ ಚೌಕಟ್ಟು, ಇವು ಅದರ ಲಕ್ಷಣಗಳು. ಬೆಂಗಳೂರಿನ ಸುತ್ತಲಿನ ಗುಡ್ಡಗಳಿಗೆ ಭಾನುವಾರದ ನಸುಕಿನಲ್ಲಿ ಇಂಥ ಸೈಕಲ್ಲು ಹತ್ತಿ ಹೋಗುವ ಯುವಕ ಯುವತಿಯರನ್ನು ವಾಚಕರು ನೋಡಿರಬಹುದು. ಈ ಕ್ರೀಡೆಯಲ್ಲಿ ಪ್ರತಿ ವರ್ಷವೂ ಹೊಸ ಮಾದರಿಗಳು ಬರುತ್ತವೆ. ಹಿಂದಿನ ವರ್ಷದ ಮಾದರಿ ಹಳೆಯದೆನಿಸುತ್ತದೆ. ಆದರೆ ಈ ಕ್ರೀಡೆ ಹುಟ್ಟಿದ್ದೇ ಬೇರೆಯವರು ಬೇಡವೆಂದು ಬಿಟ್ಟ ಹಳೆಯ ಸೈಕಲ್ಲುಗಳ ಮೇಲೆ. ಆದಕಾರಣ ನಮ್ಮ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯುವುದು ಕಷ್ಟ.

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ನಗರದ ಉತ್ತರಕ್ಕೆ, ಗೋಲ್ಡನ್ ಗೇಟ್ ಸೇತುವೆಯ ಆಚೆಗೆ ಮರೀನ್ ಎಂಬ ಪ್ರಾಂತ್ಯವಿದೆ. ಅಲ್ಲಿಯ ಟ್ಯಾಮಲ್‌ಪಾಯಸ್ ಬೆಟ್ಟದ ಸುತ್ತಮುತ್ತ ಕಾಳ್ಗಿಚ್ಚು ನಂದಿಸುವ ವಾಹನಗಳಿಗಾಗಿ ಮಾಡಿದ ಮಣ್ಣಿನ ದಾರಿಗಳಿವೆ. 1970ರ ದಶಕದಲ್ಲಿ ಅಲ್ಲಿಯ ಕೆಲವು ತರುಣರು ಆ ದಾರಿಗಳಲ್ಲಿ ಸೈಕಲ್ಲಿನಿಂದ ಇಳಿಯಲು ತೊಡಗಿದರು. ಅವರು ಬಳಸಿದ್ದು 1930 ಮತ್ತು 1940ರ ಸುಮಾರಿನಲ್ಲಿ ತಯಾರಾದ ಭಾರವಾದ ಸೈಕಲ್ಲುಗಳನ್ನು. ಅದರಲ್ಲಿಯೂ ಶಿಕಾಗೋ ನಗರದ ಶ್ವಿನ್ ಕಂಪನಿಯ ಎಕ್ಸೆಲ್ಸಿಯರ್ ಎಂಬ ಮಾದರಿ ಅವರಿಗೆ ಅಚ್ಚುಮೆಚ್ಚು. ಹುಡುಗರು ಊರೊಳಗೆ ಓಡಾಡಲೆಂದು, ಪತ್ರಿಕೆ ಹಂಚಲೆಂದು ಮಾಡಿದ ಸೈಕಲ್ಲುಗಳವು. ಗುಜರಿಯಲ್ಲಿ, ಹಳೆಯ ಶೆಡ್ಡುಗಳಲ್ಲಿ ತುಕ್ಕು ಹಿಡಿಯುತ್ತ ಬಿದ್ದಿದ್ದ ಅವು ಕೆಲವೇ ಡಾಲರುಗಳಿಗೆ ಸಿಗುತ್ತಿದ್ದವು. ಅವುಗಳಿಗೆ ಅವರು ಇಟ್ಟ ಹೆಸರು ಕ್ಲಂಕರ್. ನಮ್ಮ ಮಾತಿನಲ್ಲಿ ಹೇಳುವುದಾದರೆ ಡಕೋಟ.

1976ನೆಯ ಇಸವಿ ಅಕ್ಟೋಬರ್ 21ರಂದು ಫೇರ್‌ಫ್ಯಾಕ್ಸ್ ಎಂಬ ಊರಿನ ಬಳಿಯ ಬೆಟ್ಟದ ದಾರಿಯಲ್ಲಿ ಚಾರ್ಲಿ ಕೆಲ್ಲಿ ಮತ್ತು ಗೆಳೆಯರು ಇಳಿಜಾರಿನ ಓಟವೊಂದನ್ನು ಏರ್ಪಡಿಸಿದರು. ಸುಮಾರು 3 ಕಿಲೋಮೀಟರ್ ದೂರದಲ್ಲಿ ಸುಮಾರು 400 ಮೀಟರ್ ಕೆಳಗಿಳಿಯುವ ದಾರಿ ಅದು. ಆ ಸೈಕಲ್ಲುಗಳಲ್ಲಿ ಇದ್ದದ್ದು ಪೆಡಲನ್ನು ಹಿಂದಕ್ಕೆ ತುಳಿದರೆ ಹಿಂದಿನ ಚಕ್ರದ ಗುಂಬದೊಳಗೇ ಹಿಡಿದುಕೊಳ್ಳುವ ಬ್ರೇಕು. ಕೆಳಗೆ ತಲುಪುವಷ್ಟರಲ್ಲಿ ಅದು ಕಾದು, ಒಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಮತ್ತೆ ಓಡಿಸಬೇಕಾದರೆ ಗುಂಬವನ್ನು ಬಿಚ್ಚಿ ಹೊಸದಾಗಿ ಗ್ರೀಸು ತುಂಬಬೇಕಿತ್ತು. ಹೀಗೆ ಮರಳಿ ತುಂಬುವುದಕ್ಕೆ ಇಂಗ್ಲಿಷಿನಲ್ಲಿರುವ ರೀಪ್ಯಾಕ್ ಎಂಬ ಮಾತೇ ಆ ದಾರಿಗೂ ಆ ಓಟಕ್ಕೂ ಹೆಸರಾಯಿತು. ಈ ಕೆಲಸ ನಮಗೆ ಅಪರಿಚಿತವಲ್ಲ. ನಮ್ಮ ಊರುಗಳ ಸೈಕಲ್ ಅಂಗಡಿಗಳಲ್ಲಿ ವರ್ಷಕ್ಕೊಮ್ಮೆ ಸೈಕಲ್ಲನ್ನು ಪೂರ್ತಿ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಬೇರಿಂಗಿನ ಗುಂಡುಗಳನ್ನು ಹೊಸ ಗ್ರೀಸಿನಲ್ಲಿ ಕೂರಿಸುವ ಓವರಾಲಿಂಗ್ ಎಂಬುದು ಇದೇ. ಹಾಲಿನ ಕ್ಯಾನು ಹೊತ್ತ ಕಪ್ಪು ಸೈಕಲ್ಲುಗಳು ತಂದೆಯಿಂದ ಮಗನಿಗೆ ಬಂದದ್ದು ಈ ಆರೈಕೆಯ ಬಲದಿಂದ.

ಇನ್ನು ಲೆಕ್ಕದ ಮಾತಿಗೆ ಬರೋಣ. ಕನ್ನಡದಲ್ಲಿ ಸವಕಳಿ ಎಂಬ ಪದಕ್ಕೆ ಎರಡು ಅರ್ಥ. ತೇಯ್ದು ತೆಳುವಾಗುವುದೂ ಸವಕಳಿ. ಲೆಕ್ಕದ ಪುಸ್ತಕದಲ್ಲಿ ಯಂತ್ರ, ಪೀಠೋಪಕರಣಗಳ ಬೆಲೆಯನ್ನು ವರ್ಷ ವರ್ಷವೂ ಇಳಿಸಿ ಬರೆಯುವುದೂ ಸವಕಳಿ. ವಾಣಿಜ್ಯವನ್ನು ಓದಿದವರಿಗೆ ಇಳಿಯುವ ಶಿಲ್ಕಿನ ಪದ್ಧತಿ ಗೊತ್ತು. 10,000 ರೂಪಾಯಿಯ ಸೈಕಲ್ಲಿಗೆ ಶೇಕಡಾ 15ರಂತೆ ಸವಕಳಿ ಹಾಕಿದರೆ ಒಂದು ವರ್ಷದ ಕೊನೆಗೆ 8,500 ರೂಪಾಯಿ ಉಳಿಯುತ್ತದೆ. ಐದು ವರ್ಷಕ್ಕೆ ಸುಮಾರು 4,437. ಹತ್ತು ವರ್ಷಕ್ಕೆ ಸುಮಾರು 1,969. ಈ ಪದ್ಧತಿಯಲ್ಲಿ ಒಂದು ವಿಶೇಷವುಂಟು: ಎಷ್ಟು ವರ್ಷ ಕಳೆದರೂ ಶಿಲ್ಕು ಸೊನ್ನೆಯಾಗುವುದಿಲ್ಲ. ಪುಸ್ತಕದ ಲೆಕ್ಕವೇ ಹಳೆಯ ವಸ್ತುವಿಗೆ ಇಷ್ಟು ಮರ್ಯಾದೆ ಕೊಡುವಾಗ ನಮ್ಮ ಮನಸ್ಸಿನ ಲೆಕ್ಕ ಮಾತ್ರ ಬಹಳ ಕಠೋರ. ಪಕ್ಕದ ಮನೆಗೆ ಹೊಸ ಮಾದರಿ ಬಂದ ದಿನವೇ ಅದು ನಮ್ಮ ಸೈಕಲ್ಲನ್ನು ಸೊನ್ನೆಗೆ ಇಳಿಸಿಬಿಡುತ್ತದೆ. ಅಂದು ಸೈಕಲ್ಲಿನ ಒಂದು ಕಡ್ಡಿಯೂ ಸಡಿಲವಾಗಿರುವುದಿಲ್ಲ, ಸವೆದದ್ದು ಬೇರೇನೋ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗ ಮತ್ತು ಉಪಭೋಗಗಳನ್ನು ಬೇರ್ಪಡಿಸಿರುವುದು ಇಲ್ಲಿ ಸ್ಮರಣೀಯ. ಒಮ್ಮೆ ಅನುಭವಿಸಿ ಬಿಡತಕ್ಕದ್ದು ಭೋಗ. ಆಹಾರ ಅದಕ್ಕೆ ಉದಾಹರಣೆ. ಅನುಭವಿಸಿದ ಮೇಲೂ ಮತ್ತೆ ಮತ್ತೆ ಅನುಭವಿಸತಕ್ಕದ್ದು ಉಪಭೋಗ. ವಸ್ತ್ರ ಅದಕ್ಕೆ ಉದಾಹರಣೆ. ಎರಡಕ್ಕೂ ಮಿತಿ ಹಾಕಿಕೊಳ್ಳುವುದೇ ಭೋಗೋಪಭೋಗ ಪರಿಮಾಣ ವ್ರತ. ಸೈಕಲ್ಲು ಉಪಭೋಗದ ವಸ್ತು ಎಂಬುದರಲ್ಲಿ ಸಂದೇಹವಿಲ್ಲ. ಅದನ್ನು ವರ್ಷಕ್ಕೊಮ್ಮೆ ಬದಲಿಸುವವನು ಮಾಡುವುದಾದರೂ ಏನು? ಬಾರಿ ಬಾರಿಗೆ ಒದಗಬೇಕಾದ ವಸ್ತುವನ್ನು ಒಂದು ಊಟದಂತೆ ಉಂಡು ಮುಗಿಸುತ್ತಾನೆ. ಉಪಭೋಗವು ಭೋಗವಾಗಿ ಮಾರ್ಪಡುತ್ತದೆ. ಉಂಡವನಿಗೆ ಮತ್ತೆ ಹಸಿವಾಗುವುದು ಸಹಜವಾದ್ದರಿಂದ ಅವನು ಮತ್ತೆ ಅಂಗಡಿಯ ಕಡೆ ನೋಡುತ್ತಾನೆ.

ಹಾಗಾದರೆ ಹಳೆಯ ಸೈಕಲ್ಲಿನಲ್ಲಿ ಗುಡ್ಡ ಹತ್ತುವವನ ಸಂತೋಷ ಎಲ್ಲಿಂದ ಬರುತ್ತದೆ? ಮೊದಲನೆಯದಾಗಿ, ಪರಿಚಯದಿಂದ. ಬ್ರೇಕಿನ ಹಿಡಿಯನ್ನು ಎಷ್ಟು ಒತ್ತಿದರೆ ಚಕ್ರ ನಿಧಾನವಾಗುತ್ತದೆ, ಎಷ್ಟಕ್ಕೆ ಜಾರುತ್ತದೆ ಎಂಬುದನ್ನು ಅವನ ಬೆರಳು ಬಲ್ಲದು. ಯಾವ ಗೇರು ಒಂದು ಸಲಕ್ಕೆ ಕೂರುತ್ತದೆ, ಯಾವುದನ್ನು ಒಂದಿಷ್ಟು ಮುಂದೊತ್ತಿ ಹಿಂದಕ್ಕೆ ತರಬೇಕು ಎಂಬುದನ್ನು ಅವನು ಯೋಚಿಸಬೇಕಾಗಿಲ್ಲ. ಸರಪಳಿಯ ಸದ್ದು ಬದಲಾದೊಡನೆ ಎಣ್ಣೆ ಬೇಕೆಂದು ಅವನಿಗೆ ತಿಳಿಯುತ್ತದೆ. ಬಿಡಿ ಭಾಗಗಳ ಸವಕಳಿ ಒಂದು ಕಡೆ ನಷ್ಟವೆಂದು ಬರೆಯಲ್ಪಡುವಾಗ, ಸವಾರನ ಕೈಕಾಲುಗಳ ಅರಿವು ಇನ್ನೊಂದು ಕಡೆ ಜಮೆಯಾಗುತ್ತಿರುತ್ತದೆ. ಈ ಜಮೆಗೆ ಯಾವ ಪುಸ್ತಕದಲ್ಲಿಯೂ ಕಲಮು ಇಲ್ಲ. ಸೈಕಲ್ಲು ಬದಲಾದಾಗ ಅದರ ದೊಡ್ಡ ಪಾಲು ಹಳೆಯ ಸೈಕಲ್ಲಿನೊಡನೆಯೇ ಹೋಗುತ್ತದೆ.

ಎರಡನೆಯದಾಗಿ, ನಿರ್ಭಯದಿಂದ. ಹೊಸ ಸೈಕಲ್ಲನ್ನು ಬಂಡೆಗೆ ಒರಗಿಸಲು ಮನಸ್ಸು ಬಾರದು; ಮುಳ್ಳುಗಿಡದ ನಡುವೆ ನುಗ್ಗಿಸಿದರೆ ಬಣ್ಣಕ್ಕೆ ಗೀರು ಬಿದ್ದೀತೆಂಬ ಕಳವಳ. ದಾರಿಬದಿಯಲ್ಲಿ ನಿಲ್ಲಿಸಿ ಹತ್ತು ಹೆಜ್ಜೆ ಆಚೆ ಹೋದರೆ ಕಳುವಾದೀತೆಂಬ ಅಂಜಿಕೆ. ನೂರು ಗೀರು ಬಿದ್ದ ಸೈಕಲ್ಲಿಗೆ ನೂರೊಂದನೆಯದರ ಭಯವಿಲ್ಲ. ಹೊಸದರ ಮೇಲೆ ಕುಳಿತವನ ಕಣ್ಣು ಸೈಕಲ್ಲಿನ ಮೇಲಿದ್ದರೆ ಹಳೆಯದರ ಮೇಲೆ ಕುಳಿತವನ ಕಣ್ಣು ದಾರಿಯ ಮೇಲಿರುತ್ತದೆ. ಏರಿನಲ್ಲಿ ಏದುಸಿರು, ನೆತ್ತಿಯಲ್ಲಿ ತಂಗಾಳಿ, ಮಳೆ ಬಿದ್ದ ಮಣ್ಣಿನ ವಾಸನೆ, ಕೆಳಗಿನ ಕೆರೆಯ ಮೇಲೆ ಕರಗುವ ಮಂಜು, ಇವೇ ಗುಡ್ಡಕ್ಕೆ ಹೋದದ್ದರ ಫಲ. ಇವಾವುವೂ ಸೈಕಲ್ಲಿನ ತಯಾರಿಕೆಯ ವರ್ಷವನ್ನು ವಿಚಾರಿಸುವುದಿಲ್ಲ.

ಹೊಸದನ್ನು ಹೀಗಳೆಯುವುದು ಈ ಲೇಖನದ ಉದ್ದೇಶವಲ್ಲ. ಒದ್ದೆ ಇಳಿಜಾರಿನಲ್ಲಿ ರಿಮ್ಮಿಗೆ ಉಜ್ಜುವ ಹಳೆಯ ರಬ್ಬರು ಬ್ರೇಕಿಗಿಂತ ಡಿಸ್ಕ್ ಬ್ರೇಕು ಮೇಲು. ಮುಂದಿನ ಫೋರ್ಕಿನ ಸ್ಪ್ರಿಂಗು ಅಂಗೈಗೆ ತಾಗುವ ಆಘಾತವನ್ನು ತಗ್ಗಿಸುತ್ತದೆ. ಇವು ನಿಜವಾದ ಗುಣಗಳು. ಆದರೆ ಬದಲಾದದ್ದೆಲ್ಲವೂ ಗುಣವಲ್ಲ. 1996ರ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ ಈ ಕ್ರೀಡೆ ಮೊದಲ ಬಾರಿಗೆ ಸೇರ್ಪಡೆಯಾದಾಗ ಜಗತ್ತಿನ ಶ್ರೇಷ್ಠ ಸವಾರರು ಓಡಿಸಿದ್ದು 26 ಅಂಗುಲದ ಚಕ್ರಗಳ ಸೈಕಲ್ಲುಗಳನ್ನು. ಆಮೇಲೆ 29 ಅಂಗುಲ ಬಂತು, 27.5 ಬಂತು, 2010ರ ದಶಕದಲ್ಲಿ ದೊಡ್ಡ ಕಂಪನಿಗಳು 26ನ್ನು ಬಹುಮಟ್ಟಿಗೆ ಕೈಬಿಟ್ಟವು. ಹಿಂದಿನ ಗುಂಬದ ಅಗಲ 135 ಮಿಲಿಮೀಟರ್ ಇದ್ದದ್ದು 142 ಆಯಿತು, ಅನಂತರ 148 ಆಯಿತು. ಹಳೆಯ ಚೌಕಟ್ಟಿಗೆ ಹೊಸ ಚಕ್ರ ಹೊಂದದು. ಗೇರಿನ ವಿಷಯವಂತೂ ಸ್ವಾರಸ್ಯಕರ. ಮುಂದೆ 22, 32, 44 ಹಲ್ಲುಗಳ ಮೂರು ಚಕ್ರ, ಹಿಂದೆ 11ರಿಂದ 34 ಹಲ್ಲಿನವರೆಗೆ ಒಂಬತ್ತು ಚಕ್ರಗಳಿರುವ ಹಳೆಯ ವ್ಯವಸ್ಥೆಯಲ್ಲಿ ಅತ್ಯಂತ ಭಾರದ ಗೇರು ಅತ್ಯಂತ ಹಗುರಾದ ಗೇರಿನ ಆರು ಪಟ್ಟಿಗಿಂತ ತುಸು ಹೆಚ್ಚು. ಮುಂದೆ ಒಂದೇ ಚಕ್ರ, ಹಿಂದೆ 10ರಿಂದ 50 ಹಲ್ಲಿನವರೆಗೆ ಹನ್ನೆರಡು ಚಕ್ರಗಳಿರುವ ಹೊಸ ವ್ಯವಸ್ಥೆಯಲ್ಲಿ ಅದು ಐದು ಪಟ್ಟು. ಹೊಸದು ಬಳಕೆಗೆ ಸರಳವಿರಬಹುದು, ಆದರೆ ವ್ಯಾಪ್ತಿಯಲ್ಲಿ ಹಳೆಯದು ಹಿಂದೆ ಬಿದ್ದಿಲ್ಲ. ಗುಡ್ಡದ ಏರು ಅಂದಿನಿಂದ ಇಂದಿಗೆ ಹೆಚ್ಚಾಗಿಯೂ ಇಲ್ಲ.

ಇಲ್ಲಿ ವ್ಯಾಪಾರಸ್ಥರ ಕಡೆಯಿಂದ ಒಂದು ಆಕ್ಷೇಪ ಏಳುವುದು ಸಹಜ. ಎಲ್ಲರೂ ಹಳೆಯದರಲ್ಲಿಯೇ ತೃಪ್ತರಾದರೆ ಅಂಗಡಿ ನಡೆಯುವುದು ಹೇಗೆ? ಕಾರ್ಖಾನೆಯ ಕಾರ್ಮಿಕನ ಒಲೆ ಉರಿಯುವುದು ಹೇಗೆ? ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ಹಳೆಯ ಸೈಕಲ್ಲುಗಳ ಮೇಲೆ ಬೆಟ್ಟ ಇಳಿದ ಆ ತರುಣರೂ ಕೊನೆಗೆ ವ್ಯಾಪಾರಿಗಳಾದರು. ಗ್ಯಾರಿ ಫಿಶರ್ ಮತ್ತು ಚಾರ್ಲಿ ಕೆಲ್ಲಿ 1979ರಲ್ಲಿ ಟಾಮ್ ರಿಚಿ ತಯಾರಿಸಿದ ಚೌಕಟ್ಟುಗಳನ್ನು ಬಳಸಿ ಗುಡ್ಡದ ಸೈಕಲ್ಲುಗಳನ್ನೇ ಮಾರುವ ಉದ್ಯಮ ತೆರೆದರು. 1981ರಲ್ಲಿ ಸ್ಪೆಷಲೈಸ್ಡ್ ಕಂಪನಿ ಸ್ಟಂಪ್‌ಜಂಪರ್ ಎಂಬ ಮಾದರಿಯನ್ನು ಹೆಚ್ಚಿನ ಸಂಖ್ಯೆಯಲ್ಲಿ ತಯಾರಿಸಿ ಮಾರುಕಟ್ಟೆಗೆ ತಂದಿತು. ಇಲ್ಲದವನಿಗೆ ವಸ್ತುವನ್ನು ಒದಗಿಸುವುದು ವಣಿಕ ಧರ್ಮ. ಟೈರು, ಟ್ಯೂಬು, ಬ್ರೇಕಿನ ರಬ್ಬರು, ಸರಪಳಿ, ಗ್ರೀಸು ಮಾರುವುದೂ, ದುರಸ್ತಿ ಮಾಡುವುದೂ ವ್ಯಾಪಾರವೇ. ಒಂದು ಸೈಕಲ್ಲು ಇಪ್ಪತ್ತು ವರ್ಷ ಬಾಳಿದರೆ ಅದು ಇಪ್ಪತ್ತು ವರ್ಷವೂ ಅಂಗಡಿಯ ಬಾಗಿಲಿಗೆ ಬರುತ್ತದೆ. ಆಕ್ಷೇಪಾರ್ಹವಾದದ್ದು ಬೇರೆ: ಇದ್ದವನ ಮನಸ್ಸಿನಲ್ಲಿ ಇರುವುದರ ಬಗ್ಗೆ ನಾಚಿಕೆಯನ್ನು ಬಿತ್ತಿ ಆ ನಾಚಿಕೆಯನ್ನು ಬೆಲೆ ಕಟ್ಟಿ ಮಾರುವುದು. ಬಿಡಿಭಾಗ ಸಿಗದಂತೆ ಮಾಡಿ ಕೊಳ್ಳಲೇಬೇಕಾದ ಸ್ಥಿತಿ ತರುವುದು ಅದಕ್ಕಿಂತಲೂ ಒಂದು ಹೆಜ್ಜೆ ಮುಂದೆ. ತೂಕದಲ್ಲಿ ಮೋಸ ಮಾಡದವನು ಇದರಲ್ಲಿಯೂ ಮೋಸ ಮಾಡದಿರಬೇಕು.

ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದದ್ದು. ಹಳೆಯದು ಮುರಿದು ಪ್ರಾಣಕ್ಕೆ ಅಪಾಯವಾದರೆ? ಮರೀನ್‌ನ ಇತಿಹಾಸವೇ ಇದಕ್ಕೂ ಸಾಕ್ಷಿ. ಬೆಟ್ಟದ ಇಳಿಜಾರಿನ ಹೊಡೆತವನ್ನು ತಾಳಲಾರದೆ ಆ ಹಳೆಯ ಚೌಕಟ್ಟುಗಳು ಬಾಗಿದವು, ಬಿರಿದವು. ಆ ಕಾರಣಕ್ಕಾಗಿಯೇ ಜೋ ಬ್ರೀಜ್ ಎಂಬವನು 1977ರಲ್ಲಿ ಕ್ರೋಮಿಯಂ ಮತ್ತು ಮಾಲಿಬ್ಡಿನಂ ಬೆರೆತ ಉಕ್ಕಿನ ಕೊಳವೆಗಳಿಂದ, ಬೆಟ್ಟಕ್ಕೆಂದೇ ಹೊಸ ಚೌಕಟ್ಟನ್ನು ಕಟ್ಟಿದನು. ಅವನ ಮೊದಲ ಸೈಕಲ್ಲು ಇಂದು ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ಸಂಗ್ರಹದಲ್ಲಿದೆ. ಅವನು ಹೊಸದನ್ನು ಮಾಡಿದ್ದು ಹಳೆಯದರ ಮೇಲಿನ ಬೇಸರದಿಂದಲ್ಲ, ಹಳೆಯದು ಆ ಕೆಲಸಕ್ಕೆ ಸಾಲದೆ ಹೋದದ್ದರಿಂದ. ಆಸೆಗೂ ಆವಶ್ಯಕತೆಗೂ ಇರುವ ಅಂತರ ಇಲ್ಲಿ ಸ್ಪಷ್ಟವಾಗಿ ಗೋಚರಿಸುತ್ತದೆ.

ಈ ಅಂತರವನ್ನು ಅಳೆಯಲು ಸೈಕಲ್ಲಿನಲ್ಲಿಯೇ ಒಂದು ಮಾನದಂಡವಿದೆ. ಸರಪಳಿಯ ಕೊಂಡಿಗಳ ಪಿನ್ನು ಅರ್ಧ ಅಂಗುಲಕ್ಕೊಂದರಂತೆ ಇರುತ್ತದೆ. ಉಕ್ಕಿನ ಅಳತೆಪಟ್ಟಿಯ ಸೊನ್ನೆಯನ್ನು ಒಂದು ಪಿನ್ನಿನ ನಡುವಿಗೆ ಹಿಡಿದರೆ, ಹೊಸ ಸರಪಳಿಯಲ್ಲಿ 12 ಅಂಗುಲದ ಗುರುತಿಗೆ ಸರಿಯಾಗಿ ಇನ್ನೊಂದು ಪಿನ್ನಿನ ನಡುವು ಬರುತ್ತದೆ. ಬಳಸಿದಂತೆ ಪಿನ್ನುಗಳು ಸವೆದು ಸರಪಳಿ ಉದ್ದವಾಗುತ್ತದೆ. ಗುರುತನ್ನು ಅಂಗುಲದ ಹದಿನಾರನೆಯ ಒಂದು ಭಾಗದಷ್ಟು ದಾಟಿದರೆ ಸರಪಳಿಯನ್ನು ಬದಲಿಸಬೇಕು. ಎಂಟನೆಯ ಒಂದು ಭಾಗ ದಾಟುವವರೆಗೆ ಸುಮ್ಮನಿದ್ದರೆ ಅದು ಹಲ್ಲಿನ ಚಕ್ರಗಳನ್ನೂ ತಿಂದುಹಾಕಿರುತ್ತದೆ. ಚೌಕಟ್ಟಿನ ಬೆಸುಗೆಯ ಬಳಿ, ಹ್ಯಾಂಡಲ್ಲಿನ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಆ ಭಾಗವನ್ನು ಬಿಡಬೇಕು. ವಿಶೇಷವಾಗಿ ಅಲ್ಯೂಮಿನಿಯಂ ದಣಿಯುವ ಲೋಹ. ಚಿಕ್ಕ ಹೊಡೆತಗಳು ಸಾವಿರಾರು ಸಲ ಬಿದ್ದ ಮೇಲೆ ಅದು ಒಮ್ಮೆಲೇ ಮುರಿಯಬಹುದು. ಸಂತೃಪ್ತಿಯೆಂದರೆ ಉದಾಸೀನವಲ್ಲ. ಬಿರುಕನ್ನು ಕಂಡೂ ಸಾಕು ಎನ್ನುವವನು ಅಪರಿಗ್ರಹಿಯಲ್ಲ, ಪ್ರಮಾದಿ. ಬಿರುಕಿಲ್ಲದೆಯೂ ಬೇಕು ಎನ್ನುವವನು ಇನ್ನೊಂದು ತುದಿಯಲ್ಲಿದ್ದಾನೆ. ಇಬ್ಬರೂ ಸೈಕಲ್ಲನ್ನು ನೋಡಿಲ್ಲ.

ಮೂರನೆಯದಾಗಿ ಒಂದು ಸೂಕ್ಷ್ಮ ಅಪಾಯವುಂಟು. ಗುಜರಿಯಲ್ಲಿದ್ದ ಆ ಎಕ್ಸೆಲ್ಸಿಯರ್ ಸೈಕಲ್ಲುಗಳನ್ನು ಈಗ ಸಂಗ್ರಾಹಕರು ಹುಡುಕಿ ಕೊಳ್ಳುತ್ತಾರೆ. ಹಳೆಯದೂ ಆಭರಣವಾಗಬಲ್ಲದು. ನಾನು ಇಪ್ಪತ್ತು ವರ್ಷದಿಂದ ಒಂದೇ ಸೈಕಲ್ಲು ಓಡಿಸುತ್ತಿದ್ದೇನೆ ಎಂದು ಹೇಳಿಕೊಳ್ಳುವಾಗ ದನಿಯಲ್ಲಿ ಸೇರುವ ಹೆಮ್ಮೆ, ಹೊಸ ಸೈಕಲ್ಲಿನವನನ್ನು ಕಂಡಾಗ ತುಟಿಯಲ್ಲಿ ಮೂಡುವ ಕಿರುನಗೆ, ಇವೂ ಮದದ ರೂಪಗಳೇ. ತತ್ತ್ವಾರ್ಥಸೂತ್ರದ ಕರ್ತೃವು ಪರಿಗ್ರಹವನ್ನು ವಸ್ತುವಿನ ಸಂಖ್ಯೆಯಲ್ಲಿ ಇಡದೆ ಮೂರ್ಛೆಯಲ್ಲಿ, ಅಂದರೆ ಮಮತ್ವದಲ್ಲಿ ಇಟ್ಟಿರುವುದರ ಔಚಿತ್ಯ ಇಲ್ಲಿ ಅರಿವಾಗುತ್ತದೆ. ಇದರೊಡನೆ ಮತ್ತೊಂದನ್ನೂ ಮರೆಯಬಾರದು. ಕೊಳ್ಳುವ ಶಕ್ತಿಯಿದ್ದೂ ಹಳೆಯದನ್ನು ಇಟ್ಟುಕೊಂಡವನ ಸೈಕಲ್ಲು ಬೇರೆ, ಕೊಳ್ಳಲಾಗದೆ ಹಳೆಯದನ್ನು ತುಳಿಯುವ ಕೂಲಿಕಾರನ ಸೈಕಲ್ಲು ಬೇರೆ. ಮೊದಲನೆಯದು ನಿಯಮವಾಗಬಹುದು, ಎರಡನೆಯದು ಅಭಾವ. ಅಭಾವದಲ್ಲಿರುವವನಿಗೆ ತೃಪ್ತಿಯ ಉಪದೇಶ ಮಾಡುವುದಕ್ಕಿಂತ ಒಂದು ಜೊತೆ ಟೈರು ಕೊಡಿಸುವುದು ಧರ್ಮಕ್ಕೆ ಹತ್ತಿರವಾದದ್ದು.

ಗುಡ್ಡದ ದಾರಿಯಲ್ಲಿ ಓಡುವ ಚಕ್ರದ ಕೆಳಗೆ ಜೀವಿಗಳಿವೆ ಎಂಬುದನ್ನು ಈ ಪತ್ರಿಕೆಯ ವಾಚಕರಿಗೆ ಬೇರೆ ಹೇಳಬೇಕಾಗಿಲ್ಲ. ಹಳೆಯ ಚಕ್ರವಾಗಲಿ ಹೊಸ ಚಕ್ರವಾಗಲಿ ಇರುವೆಯ ಸಾಲಿನ ಮೇಲೆ ಹರಿದರೆ ಫಲ ಒಂದೇ. ಆದರೆ ವೇಗದಲ್ಲಿ ವ್ಯತ್ಯಾಸವಿದೆ. ಮರೀನ್ ಪ್ರಾಂತ್ಯದಲ್ಲಿ ಸೈಕಲ್ಲಿನವರಿಗೂ ಪಾದಚಾರಿಗಳಿಗೂ ಬಹುಕಾಲ ಕಲಹ ನಡೆದು, ಕಾಡಿನ ಅಗಲ ದಾರಿಗಳಲ್ಲಿ ಗಂಟೆಗೆ 15 ಮೈಲಿ, ತಿರುವುಗಳಲ್ಲಿ 5 ಮೈಲಿ ಎಂಬ ವೇಗದ ಮಿತಿ ಬಂತು. 15 ಮೈಲಿಯೆಂದರೆ ಸುಮಾರು 24 ಕಿಲೋಮೀಟರ್, 5 ಮೈಲಿಯೆಂದರೆ ಸುಮಾರು 8. ಸ್ಪ್ರಿಂಗಿಲ್ಲದ ಹಳೆಯ ಸೈಕಲ್ಲಿನ ಸವಾರನಿಗೆ ಪ್ರತಿ ಕಲ್ಲೂ ಮಣಿಕಟ್ಟಿನಲ್ಲಿ ತಿಳಿಯುತ್ತದೆ. ಅವನು ದಾರಿಯನ್ನು ನೋಡಿ ಆರಿಸಿಕೊಳ್ಳಲೇಬೇಕು, ತಿರುವಿಗೆ ಮುನ್ನ ನಿಧಾನಿಸಲೇಬೇಕು. ಇದು ಅವನ ಸದ್ಗುಣವಲ್ಲ, ಸೈಕಲ್ಲಿನ ಒತ್ತಾಯ. ಆದರೂ ಒತ್ತಾಯದಿಂದ ಬಂದ ಅಭ್ಯಾಸ ಕಾಲಕ್ರಮದಲ್ಲಿ ಸ್ವಭಾವವಾಗಬಹುದು. ಮಳೆ ನಿಂತ ಮರುದಿನ ಮೆತ್ತನೆಯ ದಾರಿಯನ್ನು ಸೀಳದೆ ಒಂದೆರಡು ದಿನ ಕಾಯುವುದು, ಹುಳುಹುಪ್ಪಟೆ ಹರಿದಾಡುವ ಕಡೆ ಇಳಿದು ಸೈಕಲ್ಲನ್ನು ತಳ್ಳಿಕೊಂಡು ಹೋಗುವುದು ಹಳೆಯ ಸೈಕಲ್ಲಿನವನಿಗೂ ಹೊಸದರವನಿಗೂ ಸಮಾನವಾದ ಕರ್ತವ್ಯ.

ಮನೆಯ ಮಗನೋ ಮಗಳೋ ಹೊಸ ಸೈಕಲ್ಲು ಬೇಕೆಂದು ಕೇಳಿದಾಗ ಹಿರಿಯರು ಒಡನೆ ಇಲ್ಲವೆನ್ನುವುದೂ ಬೇಡ, ಒಡನೆ ಹಣ ಎಣಿಸುವುದೂ ಬೇಡ. ಇರುವ ಸೈಕಲ್ಲನ್ನು ಅಂಗಳಕ್ಕೆ ತಂದು ಒಟ್ಟಿಗೆ ಕುಳಿತು ಮೂರು ವಿಷಯಗಳನ್ನು ನೋಡಬಹುದು. ಇದರಲ್ಲಿ ಮುರಿದದ್ದೇನು? ಅದನ್ನು ಮಾತ್ರ ಬದಲಿಸಲಾಗದೆ? ಇದು ಹೋಗಲಾರದ, ಆದರೆ ನಾವು ಹೋಗಬೇಕಾಗಿರುವ ದಾರಿ ಯಾವುದು? ಮೂರನೆಯದಕ್ಕೆ ನಿಜವಾದ ಉತ್ತರ ದೊರೆತರೆ ಹೊಸದನ್ನು ಕೊಳ್ಳುವುದರಲ್ಲಿ ದೋಷವಿಲ್ಲ. ಹಳೆಯದನ್ನು ಸರಿಪಡಿಸಿ ಬೇಕಾದವರಿಗೆ ಕೊಡಬಹುದು. ಉತ್ತರ ದೊರೆಯದಿದ್ದರೆ ಆಚಾರ್ಯರೇ ತೋರಿಸಿದ ಸುಲಭೋಪಾಯವೊಂದಿದೆ. ಯಾವಜ್ಜೀವ ತ್ಯಾಗವಾದ ಯಮವಲ್ಲದೆ, ಕಾಲಮಿತಿಯುಳ್ಳ ನಿಯಮವೂ ಶ್ರಾವಕರಿಗೆ ವಿಹಿತವಾಗಿದೆ. ಅದು ಒಂದು ದಿನದ್ದಾಗಬಹುದು, ಪಕ್ಷದ್ದಾಗಬಹುದು, ತಿಂಗಳು, ಋತು, ಅಯನಗಳದ್ದಾಗಬಹುದು. ನಿಯಮದ ವಿಷಯಗಳಲ್ಲಿ ವಾಹನವೂ ಸೇರಿದೆ. ಒಂದು ಅಯನ, ಅಂದರೆ ಆರು ತಿಂಗಳು, ಇದೇ ಸೈಕಲ್ಲು ಎಂದು ನಿಶ್ಚಯಿಸಿ, ಗುಂಬಕ್ಕೆ ಹೊಸ ಗ್ರೀಸು ತುಂಬಿಸಿ, ಸರಪಳಿಯನ್ನು ಅಳೆದು, ಬ್ರೇಕಿನ ರಬ್ಬರು ಬದಲಿಸಿ ಮಕ್ಕಳೊಡನೆ ಗುಡ್ಡದ ದಾರಿ ಹಿಡಿಯಿರಿ. ಆರು ತಿಂಗಳ ಮೇಲೂ ಹೊಸದು ಬೇಕೆನಿಸಿದರೆ ಅಂಗಡಿ ಎಲ್ಲಿಗೂ ಹೋಗಿರುವುದಿಲ್ಲ. ಆಗ ಕೊಳ್ಳುವವರಿಗೆ ತಾವು ಕೊಳ್ಳುತ್ತಿರುವುದು ಏಕೆಂಬುದಾದರೂ ತಿಳಿದಿರುತ್ತದೆ.